ತೋಟದ ಹಳ್ಳದ ಸೀಗಡಿಯೂ ಮನೆಯ ಗಾಜಿನ ತೊಟ್ಟಿಯೂ



ಈಚಿನ ವರ್ಷಗಳಲ್ಲಿ ನಮ್ಮ ಮಲೆನಾಡಿನ ಮನೆಗಳ ಜಗಲಿಯಲ್ಲಿ ಗಾಜಿನ ಮೀನಿನ ತೊಟ್ಟಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿದೆ. ಪೇಟೆಯಲ್ಲಿ ಓದುವ ಮಕ್ಕಳು ರಜೆಗೆ ಬರುವಾಗ ತೊಟ್ಟಿ, ಗಾಳಿ ಊದುವ ಪಂಪು, ಬಣ್ಣದ ಮೀನು ಎಲ್ಲವನ್ನೂ ಹೊತ್ತು ತರುತ್ತಾರೆ. ಈಗ ಅದಕ್ಕೆ ಸೀಗಡಿಯೂ ಸೇರಿದೆ. ಊಟಕ್ಕಲ್ಲ, ನೋಡುವುದಕ್ಕೆ. ಉಗುರಿನಷ್ಟು ಉದ್ದದ ಕೆಂಪು ಸೀಗಡಿಯನ್ನು ಅಂಗಡಿಯವರು ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಒಂದೊಂದಕ್ಕೂ ಬೆಲೆ ಕಟ್ಟಿ ಮಾರುತ್ತಾರೆ. ಇದು ಮೂಲತಃ ಚೀನಾ ಮತ್ತು ತೈವಾನ್ ಕಡೆಯ ಹಳ್ಳಗಳ ಕಂದು ಬಣ್ಣದ ಸೀಗಡಿ. ಕೆಂಪು ಹೆಚ್ಚಿರುವುದನ್ನೇ ಆರಿಸಿ, ಸಾಕಿ, ಮತ್ತೆ ಆರಿಸಿ ಈ ಬಣ್ಣ ತಂದಿದ್ದಾರೆ. ನಾವು ಕಾಫಿಯಲ್ಲಿ ತಳಿ ಆರಿಸುವ ಕ್ರಮವೇ ಇದು.

ಇಷ್ಟು ದುಡ್ಡು ಕೊಟ್ಟು ಏಕೆ ತರಬೇಕು, ನಮ್ಮ ತೋಟದ ಹಳ್ಳದಲ್ಲೇ ಇದೆಯಲ್ಲ ಎಂದು ಸದಸ್ಯರೊಬ್ಬರು ಸಂಘದ ಕಛೇರಿಗೆ ಬಂದಾಗ ಕೇಳಿದರು. ಇದೆ, ಸಾಕಲೂಬಹುದು. ಆದರೆ ಹಿಡಿಯುವುದಕ್ಕೂ ಸಾಕುವುದಕ್ಕೂ ಒಂದು ಕ್ರಮವಿದೆ. ಅಲ್ಲದೆ, ಕೊಳೆರೋಗಕ್ಕೆ ಮೈಲುತುತ್ತು ಮಾರುವ ಸಂಘದ ಕಾರ್ಯದರ್ಶಿಯಾಗಿ ಈ ಸಣ್ಣ ಪ್ರಾಣಿಯ ವಿಷಯದಲ್ಲಿ ನಾನು ಹೇಳಲೇಬೇಕಾದ ಒಂದು ಮಾತೂ ಇದೆ. ಮೊದಲು ಸೀಗಡಿಯ ವಿಚಾರ ನೋಡೋಣ.

ಎರಡು ಬಗೆ, ಎರಡು ಸ್ವಭಾವ

ಕರಾವಳಿಯಲ್ಲಿ ಸೀಗಡಿಗೆ ತುಳುವಿನಲ್ಲಿ ಎಟ್ಟಿ ಎನ್ನುತ್ತಾರೆ, ಕುಂದಾಪುರದ ಕಡೆ ಚಟ್ಲಿ ಎನ್ನುತ್ತಾರೆ. ಅವರ ಮಾತಿನಲ್ಲಿ ಬರುವುದು ಹೆಚ್ಚಾಗಿ ಉಪ್ಪುನೀರಿನದು. ಸಿಹಿನೀರಿನ ಹಳ್ಳ, ಕೆರೆ, ನದಿಗಳಲ್ಲಿರುವ ಸೀಗಡಿಗಳನ್ನು ಸ್ಥೂಲವಾಗಿ ಎರಡು ಗುಂಪು ಮಾಡಬಹುದು.

ಮೊದಲನೆಯದು ಕ್ಯಾರಿಡಿನಾ ಗುಂಪು. ಒಂದು ಅಂಗುಲದ ಆಸುಪಾಸಿನ ದೇಹ, ಗಾಜಿನಂತೆ ಪಾರದರ್ಶಕ, ಕೆಲವೊಮ್ಮೆ ಬೆನ್ನಿನ ಮೇಲೆ ತಿಳಿಯಾದ ಒಂದು ಗೆರೆ. ಮುಂಗಾಲುಗಳ ತುದಿಯ ಪುಟ್ಟ ಚಿಮಟಗಳಲ್ಲಿ ಸಣ್ಣ ಕುಂಚದಂತಹ ಕೂದಲುಗಳಿರುತ್ತವೆ. ಕಲ್ಲಿನ ಮೇಲಿನ ಲೋಳೆ, ಪಾಚಿ, ಕೊಳೆತ ಎಲೆಯ ಪುಡಿ ಇವನ್ನು ಆ ಕುಂಚದಿಂದ ಗುಡಿಸಿ ಗುಡಿಸಿ ಬಾಯಿಗೆ ಹಾಕಿಕೊಳ್ಳುತ್ತದೆ. ಯಾರ ತಂಟೆಗೂ ಹೋಗದ ಸಾಧು ಪ್ರಾಣಿ. ಭಾರತದ ಬಬೋಲ್ಟಿ ಎಂಬ ಸೀಗಡಿ ಈ ಗುಂಪಿನದೇ. ಫ್ರಾನ್ಸಿನ ಬೂವಿಯೆ ಎಂಬ ವಿಜ್ಞಾನಿ 1918ರಲ್ಲಿ ಇದನ್ನು ವರ್ಣಿಸಿದರು. ಇಂದು ಯೂರೋಪಿನ ಹವ್ಯಾಸಿಗಳ ತೊಟ್ಟಿಗಳಲ್ಲಿಯೂ ಇದು ಇದೆ.

ಎರಡನೆಯದು ಮ್ಯಾಕ್ರೊಬ್ರಾಕಿಯಂ ಗುಂಪು. ಉದ್ದನೆಯ ತೋಳು, ತುದಿಯಲ್ಲಿ ಏಡಿಯಂತೆ ಕಚ್ಚುವ ಚಿಮಟ. ಇವು ಬೇಟೆಗಾರರು. ರಾತ್ರಿ ದೀಪ ಆರಿಸಿದ ಮೇಲೆ ತೊಟ್ಟಿಯ ಸಣ್ಣ ಮೀನನ್ನು ಹಿಡಿದು ತಿಂದುಬಿಡುತ್ತವೆ. ಮರಿಯಾಗಿದ್ದಾಗ ಇವೂ ಕ್ಯಾರಿಡಿನಾದಂತೆಯೇ ಸಣ್ಣಗೆ, ಪಾರದರ್ಶಕವಾಗಿ ಕಾಣುವುದರಿಂದ ಮಕ್ಕಳು ಮೋಸ ಹೋಗುತ್ತಾರೆ. ಆದುದರಿಂದ ಬಲೆಗೆ ಬಿದ್ದದ್ದನ್ನು ಬಿಳಿಯ ಪಿಂಗಾಣಿ ತಟ್ಟೆಯಲ್ಲಿ ಸ್ವಲ್ಪ ನೀರಿನೊಡನೆ ಹಾಕಿ, ಮುಂಗಾಲು ನೋಡಬೇಕು. ದೇಹಕ್ಕಿಂತ ಮುಂದಕ್ಕೆ ಚಾಚಿದ ಕೈಯಿದ್ದರೆ ಅದನ್ನು ಹಳ್ಳಕ್ಕೇ ಬಿಡುವುದು ಲೇಸು.

ಹಿಡಿಯುವ ಕ್ರಮ

ಮಳೆ ಪೂರ್ತಿ ನಿಂತು, ನೀರು ತಿಳಿಯಾಗಿ, ಹಳ್ಳ ಇನ್ನೂ ಹರಿಯುತ್ತಿರುವ ನವೆಂಬರಿನಿಂದ ಜನವರಿಯವರೆಗಿನ ಕಾಲ ಇದಕ್ಕೆ ಅನುಕೂಲ. ಮಳೆಗಾಲದಲ್ಲಿ ಹಳ್ಳಕ್ಕೆ ಇಳಿಯುವುದು ಅಪಾಯ, ಮಕ್ಕಳನ್ನಂತೂ ಬಿಡಲೇಬಾರದು. ಕಡು ಬೇಸಿಗೆಯಲ್ಲಿ ಹಳ್ಳ ಬತ್ತಿ ಗುಂಡಿಗಳಷ್ಟೇ ಉಳಿದಿರುವಾಗ ಹಿಡಿಯುವುದು ಸುಲಭವೆಂದು ಕಂಡರೂ ಅದು ಸರಿಯಲ್ಲ. ಆ ಗುಂಡಿಗಳಲ್ಲಿ ಉಳಿದಿರುವುದೇ ಮುಂದಿನ ವರ್ಷದ ಬೀಜ.

ದೊಡ್ಡ ಬಲೆ ಬೇಡ. ಚಹಾ ಸೋಸುವ ದೊಡ್ಡ ಜಾಲರಿಗೆ ಬಿದಿರಿನ ಹಿಡಿ ಕಟ್ಟಿದರೂ ನಡೆಯುತ್ತದೆ. ಹರಿವು ನಿಧಾನವಾಗಿರುವ ಅಂಚಿನಲ್ಲಿ, ನೀರಿಗೆ ಇಳಿಬಿದ್ದ ಹುಲ್ಲು, ಬೇರಿನ ಗೊಂಚಲು, ತಳದಲ್ಲಿ ಕೂತ ತರಗೆಲೆ ಇವುಗಳ ಕೆಳಗೆ ಜಾಲರಿ ಹಿಡಿದು ಕೈಯಿಂದ ಮೆಲ್ಲಗೆ ಅಲುಗಿಸಿದರೆ ಸೀಗಡಿ ಹಿಂದಕ್ಕೆ ಚಿಮ್ಮಿ ಜಾಲರಿಗೆ ಬೀಳುತ್ತದೆ. ಸೀಗಡಿ ಓಡುವುದು ಹಿಂದುಹಿಂದಕ್ಕೆ. ಆದುದರಿಂದ ಜಾಲರಿ ಅದರ ಬಾಲದ ಕಡೆ ಇರಬೇಕು. ಕಲ್ಲು ಎತ್ತಿದರೆ ಹಾಗೆಯೇ ಹಿಂದಿನ ಜಾಗದಲ್ಲಿ ಇಡಬೇಕು. ಅದರಡಿಯಲ್ಲಿ ಬೇರೆ ಎಷ್ಟೋ ಜೀವಿಗಳ ಮನೆಯಿರುತ್ತದೆ.

ಒಂದು ಸಣ್ಣ ತೊಟ್ಟಿಗೆ ಹತ್ತು ಹದಿನೈದು ಸಾಕು. ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣು ಸಿಕ್ಕಿದರೆ ಹೆಚ್ಚು ತರುವ ಆಸೆಯಾಗುತ್ತದೆ. ಒಂದೆರಡನ್ನು ಇಟ್ಟುಕೊಂಡು ಉಳಿದುದನ್ನು ಬಿಡಬೇಕು.

ಸಾಗಿಸುವಾಗ ಆ ಹಳ್ಳದ ನೀರನ್ನೇ, ಬಾಯಿ ಅಗಲವಾದ ಪ್ಲಾಸ್ಟಿಕ್ ಬಕೆಟಿನಲ್ಲಿ ತರಬೇಕು. ಹಿಡಿದುಕೊಳ್ಳಲು ಒಂದಷ್ಟು ಪಾಚಿ ಅಥವಾ ಎಲೆ ಹಾಕಿರಬೇಕು. ಅಡುಗೆ ಮನೆಯ ತಾಮ್ರದ ಕೊಡ, ಬಚ್ಚಲಿನ ತಾಮ್ರದ ಹಂಡೆ, ಹಿತ್ತಾಳೆಯ ಪಾತ್ರೆ ಸರ್ವಥಾ ಕೂಡದು. ಕಾರಣವನ್ನು ಮುಂದೆ ವಿವರಿಸುತ್ತೇನೆ.

ತೊಟ್ಟಿಯನ್ನು ಮೊದಲು, ಸೀಗಡಿಯನ್ನು ಆಮೇಲೆ

ಹೆಚ್ಚಿನವರು ಸೀಗಡಿ ತಂದ ದಿನವೇ ತೊಟ್ಟಿ ತುಂಬಿಸುತ್ತಾರೆ. ವಾರದಲ್ಲಿ ಎಲ್ಲ ಸಾಯುತ್ತವೆ. ಹೊಸ ತೊಟ್ಟಿಯಲ್ಲಿ ಪ್ರಾಣಿಗಳ ಹಿಕ್ಕೆಯಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಮರಳಿನಲ್ಲಿಯೂ ಸ್ಪಂಜಿನಲ್ಲಿಯೂ ನೆಲೆಸಲು ಮೂರು ನಾಲ್ಕು ವಾರ ಬೇಕು. ಹೊಸ ಗೊಬ್ಬರವನ್ನು ಕಳಿಯದೆ ಗಿಡಕ್ಕೆ ಹಾಕಿದರೆ ಬೇರು ಸುಡುವುದನ್ನು ಬಲ್ಲ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ತೊಟ್ಟಿಯ ನೀರೂ ಕಳಿಯಬೇಕು.

ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ತಳಕ್ಕೆ ತೊಳೆದ ಹೊಳೆಮರಳು, ಒಂದೆರಡು ಕಲ್ಲು, ಒಣಗಿದ ಕಾಡುಬಾದಾಮಿ ಎಲೆ, ನೀರಿನ ಗಿಡ ಹಾಕಬೇಕು. ಗಾಳಿ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಉತ್ತಮ. ಬೇರೆ ಬಗೆಯ ಯಂತ್ರಗಳು ಮರಿಗಳನ್ನು ಒಳಕ್ಕೆ ಎಳೆದುಬಿಡುತ್ತವೆ. ಪಟ್ಟಣದ ನಲ್ಲಿ ನೀರಾದರೆ ಕ್ಲೋರಿನ್ ಹೋಗುವವರೆಗೆ ಬಾಯಿ ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇಡಬೇಕು. ನೀರಿನ ಶಾಖ 20ರಿಂದ 28 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. 30 ಮೀರಿದರೆ ನೀರಿನಲ್ಲಿ ಪ್ರಾಣವಾಯು ಕಡಿಮೆಯಾಗಿ ಸೀಗಡಿಗಳು ಮೇಲಕ್ಕೆ ಬಂದು ಒದ್ದಾಡುತ್ತವೆ. ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು.

ತಂದ ಸೀಗಡಿಯನ್ನು ಒಮ್ಮೆಗೇ ತೊಟ್ಟಿಗೆ ಸುರಿಯಬಾರದು. ಬಕೆಟಿಗೆ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಎರಡು ಮೂರು ಗಂಟೆ ಇಳಿಸಿ, ಆಮೇಲೆ ಸೀಗಡಿಗಳನ್ನು ಜಾಲರಿಯಿಂದ ಎತ್ತಿ ಬಿಡಬೇಕು. ನಾವು ಈಗ ತೋಟಕ್ಕೆ ಕೊಡುವ ಹನಿ ನೀರಾವರಿಯೇ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಆಹಾರ, ಪೊರೆ, ಮರಿ

ಕಳಿತ ತೊಟ್ಟಿಯಲ್ಲಿ ಪಾಚಿ, ಲೋಳೆಗಳೇ ಮುಖ್ಯ ಆಹಾರ. ವಾರಕ್ಕೆರಡು ಸಲ ಬೇಯಿಸಿದ ಬಸಳೆ ಎಲೆಯ ಚೂರನ್ನೋ ಸೌತೆಕಾಯಿಯ ತೆಳು ಬಿಲ್ಲೆಯನ್ನೋ ಹಾಕಿ, ಉಳಿದುದನ್ನು ಮಾರನೆಯ ದಿನ ತೆಗೆದರೆ ಸಾಕು. ಅಂಗಡಿಯ ತರಕಾರಿಯಾದರೆ ಚೆನ್ನಾಗಿ ತೊಳೆಯಬೇಕು. ಕೀಟನಾಶಕದ ಅಂಶ ಸೀಗಡಿಗೆ ತಡೆಯದು. ಗಾಜಿನ ಪಾಚಿಯನ್ನು ತಿಂದು ತೊಟ್ಟಿ ಶುಚಿ ಮಾಡುತ್ತದೆಂದೇ ಸೀಗಡಿಗೆ ಲೋಕದಲ್ಲಿ ಹೆಸರು ಬಂದದ್ದು. ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ ಅವರು 1980ರ ದಶಕದ ಆರಂಭದಲ್ಲಿ ತಮ್ಮ ನೀರುಗಿಡಗಳ ತೊಟ್ಟಿಗಳಿಗೆ ಕ್ಯಾರಿಡಿನಾ ಗುಂಪಿನ ಸೀಗಡಿಯನ್ನು ಬಿಟ್ಟು ಇದನ್ನು ಪ್ರಚಾರಕ್ಕೆ ತಂದರು. ಅದಕ್ಕೆ ಈಗಲೂ ಅವರ ಹೆಸರೇ ನಿಂತಿದೆ.

ಸೀಗಡಿ ಬೆಳೆಯುವಾಗ ಹಾವಿನಂತೆ ಪೊರೆ ಬಿಡುತ್ತದೆ. ತೊಟ್ಟಿಯ ತಳದಲ್ಲಿ ಬಿಳಿಯ ಖಾಲಿ ಕವಚ ಕಂಡು ಸತ್ತಿತೆಂದು ಗಾಬರಿಯಾಗಬೇಕಾಗಿಲ್ಲ. ಅದನ್ನು ತೆಗೆಯಲೂಬಾರದು. ಸುಣ್ಣದ ಅಂಶಕ್ಕಾಗಿ ಸೀಗಡಿಗಳು ಅದನ್ನು ಮೆಲ್ಲುತ್ತವೆ. ಪೊರೆ ಬಿಟ್ಟ ಹೊಸದರಲ್ಲಿ ಮೈ ಮೃದುವಾಗಿರುವುದರಿಂದ ಅಡಗಲು ಗಿಡ, ಎಲೆ ಇರಬೇಕು.

ಮರಿಯ ವಿಷಯದಲ್ಲಿ ಒಂದು ಸುಲಭ ಗುರುತಿದೆ. ಹೆಣ್ಣಿನ ಹೊಟ್ಟೆಯಡಿಯ ಮೊಟ್ಟೆಗಳು ಕಡಿಮೆ ಸಂಖ್ಯೆಯಲ್ಲಿ, ಒಂದೊಂದೂ ಕಣ್ಣಿಗೆ ದಪ್ಪವಾಗಿ ಕಂಡರೆ ಅದು ಸಿಹಿನೀರಿನಲ್ಲೇ ಮರಿ ಮಾಡುವ ಜಾತಿ. ಮೊಟ್ಟೆಗಳು ನೂರಾರು, ರವೆಗಿಂತ ಸಣ್ಣವಾಗಿದ್ದರೆ ಅದರ ಮರಿಗಳು ಹೊಳೆಯೊಡನೆ ಇಳಿದು ಸಮುದ್ರದ ಅಳಿವೆಯ ಉಪ್ಪುನೀರಿನಲ್ಲಿ ಬೆಳೆದು ಮತ್ತೆ ಮೇಲೇರುವ ಜಾತಿ. ಎರಡನೆಯದು ತೊಟ್ಟಿಯಲ್ಲಿ ಬದುಕೀತು, ವಂಶ ಬೆಳೆಸದು. ಈ ಗುಟ್ಟು ವಿಜ್ಞಾನಿಗಳಿಗೂ ಬಹುಕಾಲ ಸಿಕ್ಕಿರಲಿಲ್ಲ. ದೊಡ್ಡ ಸಿಹಿನೀರ ಸೀಗಡಿಯ ಮರಿಗಳು ಏನು ಕೊಟ್ಟರೂ ಸಾಯುತ್ತಿದ್ದುವು. ಮಲೇಷಿಯಾದ ಪೆನಾಂಗಿನಲ್ಲಿ ಶಾವೊ ವೆನ್ ಲಿಂಗ್ ಎಂಬ ವಿಜ್ಞಾನಿ 1961ರ ಸುಮಾರಿಗೆ ನೀರಿಗೆ ಉಪ್ಪಿನಂಶ ಸೇರಿಸಿದಾಗ ಮರಿಗಳು ಉಳಿದುವು. ಇಂದು ಲೋಕದಾದ್ಯಂತ ನಡೆಯುವ ಸಿಹಿನೀರ ಸೀಗಡಿ ಕೃಷಿಗೆ ಅದೇ ಬುನಾದಿ.

ಬಿಜಾಪುರ ಸೀಮೆಯ ನೀರಿನಲ್ಲಿ

ನಮ್ಮ ತೋಟಗಳ ಲೈನ್ ಮನೆಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಕೆಲಸಕ್ಕೆ ಬಂದ ಸಂಸಾರಗಳಿವೆ. ಹಳ್ಳದಲ್ಲಿ ಸೀಗಡಿ ಹಿಡಿಯುವುದರಲ್ಲಿ ಅವರ ಮಕ್ಕಳು ನಮ್ಮ ಮಕ್ಕಳಿಗೆ ಗುರುಗಳಾಗಿರುವುದನ್ನು ನಾನೇ ನೋಡಿದ್ದೇನೆ. ಬಯಲು ಸೀಮೆಯ ಮಕ್ಕಳಿಗೆ ಇದು ಹೇಗೆ ಬಂತೆಂದು ಆಶ್ಚರ್ಯಪಡಬೇಕಾಗಿಲ್ಲ. ಈಗ ವಿಜಯಪುರ ಎನಿಸಿಕೊಂಡಿರುವ ಆ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಇಂಡಿ ಮತ್ತು ಸಿಂದಗಿಯ ಕಡೆ, ಭೀಮೆ ಹರಿಯುತ್ತಾಳೆ. ದಕ್ಷಿಣದಲ್ಲಿ, ಬಾಗೇವಾಡಿ ಮತ್ತು ಮುದ್ದೇಬಿಹಾಳದ ಕಡೆ, ಕೃಷ್ಣೆ. ನಡುವೆ ಡೋಣಿ. ಡೋಣಿ ದಂಡೆ ಬೆಳೆದರೆ ಓಣಿಯ ತುಂಬ ಜೋಳವೆಂಬ ಅರ್ಥದ ಮಾತು ಅಲ್ಲಿ ಪ್ರಸಿದ್ಧ. ಆದರೆ ಡೋಣಿಯ ನೀರು ಸವಳು.

ನಮ್ಮ ತುಂಗೆ, ಭದ್ರೆಯರೂ ಕಡೆಗೆ ಸೇರುವುದು ಕೃಷ್ಣೆಯನ್ನೇ ತಾನೆ? ಅಷ್ಟರ ಮಟ್ಟಿಗೆ ಅವರೂ ನಾವೂ ಒಂದೇ ನದಿಯ ಬಳಗ. ಕೃಷ್ಣೆಗೂ ಸೀಗಡಿಗೂ ಹಳೆಯ ನಂಟು. ಒಂದು ಸೀಗಡಿಗೆ ಮ್ಯಾಕ್ರೊಬ್ರಾಕಿಯಂ ಕಿಸ್ತ್ನೆನ್ಸ್ ಎಂಬ ಹೆಸರು ಬಂದಿರುವುದು ಈ ನದಿಯಿಂದಲೇ. ಇಂಗ್ಲಿಷರು ಕೃಷ್ಣೆಯನ್ನು ಕಿಸ್ತ್ನಾ ಎಂದು ಬರೆಯುತ್ತಿದ್ದರು.

ಸಂಘದ ಸದಸ್ಯರು ಕೆಲವರು ಲಿಂಬೆ, ದ್ರಾಕ್ಷಿ ತೋಟಗಳನ್ನೂ ಆಲಮಟ್ಟಿಯನ್ನೂ ನೋಡಲೆಂದು ಆ ಕಡೆ ಹೋಗಿದ್ದೆವು. ಆಲಮಟ್ಟಿ ಹಿಂದೆ ಬಸವನ ಬಾಗೇವಾಡಿ ತಾಲೂಕಿನಲ್ಲಿತ್ತು, ಈಗ ನಿಡಗುಂದಿ ಬೇರೆ ತಾಲೂಕಾಗಿದೆ. ಹಿನ್ನೀರಿನ ದಂಡೆಯಲ್ಲಿ ಮೀನುಗಾರರು ಬಲೆಯ ಸಣ್ಣ ಮೀನನ್ನು ಬೇರ್ಪಡಿಸುತ್ತಿದ್ದರು. ಅದರ ನಡುವೆ ಸೀಗಡಿಗಳು ಚಿಮ್ಮುತ್ತಿದ್ದುವು. ನಾನು ಬಗ್ಗಿ ನೋಡುತ್ತಾ ಕುಳಿತದ್ದನ್ನು ಕಂಡು, ನಮ್ಮನ್ನು ಕರೆದೊಯ್ದಿದ್ದ ಇಂಡಿ ಕಡೆಯ ಲಿಂಬೆ ಬೆಳೆಗಾರರು ನಕ್ಕು ಹೇಳಿದರು: “ಅಲ್ರೀ ಸೆಕ್ರೆಟರಿ ಸಾಹೇಬ್ರ, ನಮಗ ಗಿಡಕ್ಕ ಹಾಕಾಕ ನೀರ ಸಿಕ್ರ ಸಾಕಾಗೇತಿ. ನೀವು ನೀರಾಗಿನ ಹುಳ ನೋಡಕೋತ ಕುಂತೀರಲ್ರಿ!”

“ಗೌಡ್ರೇ, ಈ ಹುಳ ಇದ್ದರೆ ನೀರು ಚೆನ್ನಾಗಿದೆ ಅಂತ ಅರ್ಥ” ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಹಂಗಿದ್ರ ನಮ್ಮ ಹೊಲದ ಹಳ್ಳಾನೂ ಒಮ್ಮೆ ನೋಡ್ರಿ. ನಾನು ಸಣ್ಣಾಂವ ಇದ್ದಾಗ ಅಲ್ಲಿ ಇವು ಭಾಳ ಇದ್ದೂರಿ. ಈಗ ಒಂದೂ ಕಾಣಂಗಿಲ್ಲ” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಕಾರಣಗಳು ಒಂದೆರಡಲ್ಲ. ಮೊದಲನೆಯದಾಗಿ ಅಣೆಕಟ್ಟು. ಕೃಷ್ಣೆ, ಗೋದಾವರಿಗಳ ದೊಡ್ಡ ನದೀ ಸೀಗಡಿ ಮರಿ ಮಾಡಲು ಅಳಿವೆಯ ಉಪ್ಪುನೀರು ಬೇಕು. ವಿಜಯವಾಡದಲ್ಲಿ 1957ರ ಪ್ರಕಾಶಂ ಬ್ಯಾರೇಜ್, ಅದರ ಮೇಲೆ ನಾಗಾರ್ಜುನಸಾಗರ, ಶ್ರೀಶೈಲ, ಮೇಲಕ್ಕೆ ಬಂದರೆ 1982ರ ನಾರಾಯಣಪುರ, 1964ರಲ್ಲಿ ಶಂಕುಸ್ಥಾಪನೆಯಾಗಿ 2006ರಲ್ಲಿ ಲೋಕಾರ್ಪಣೆಯಾದ ಆಲಮಟ್ಟಿ, ಇಷ್ಟೂ ಗೋಡೆಗಳನ್ನು ದಾಟಿ ಸೀಗಡಿ ಮೇಲೇರುವುದೆಂತು? ಅಣೆಕಟ್ಟುಗಳಿಂದ ಆ ನಾಡಿಗೆ ಆದ ಉಪಕಾರ ಸಣ್ಣದಲ್ಲ. ಆದರೆ ಸೀಗಡಿಯ ದಾರಿ ಕಟ್ಟಾಯಿತೆಂಬುದೂ ನಿಜ. ಸಿಹಿನೀರಿನಲ್ಲೇ ಸಂಸಾರ ಮುಗಿಸುವ ಸಣ್ಣ ಜಾತಿಗಳು ಹಿನ್ನೀರಿನಲ್ಲಿ ಉಳಿದಿವೆ. ಆದರೆ ಹೊಲದ ನಡುವಿನ ಹಳ್ಳದ ಸಣ್ಣ ಸೀಗಡಿ ಕಾಣೆಯಾದುದಕ್ಕೆ ಅಣೆಕಟ್ಟನ್ನು ದೂರುವಂತಿಲ್ಲ. ಅಲ್ಲಿ ಬತ್ತುವ ನೀರು ಒಂದು ಕಾರಣವಾದರೆ, ನಾವು ಹೊಡೆಯುವ ಔಷಧಿ ಮತ್ತೊಂದು.

ಇನ್ನೊಂದು ಮಾತು. ಆ ಸೀಮೆಯ ನೀರು ಗಡಸು, ಸುಣ್ಣದ ಅಂಶ ಹೆಚ್ಚು. ನಮ್ಮ ಮಲೆನಾಡಿನ ಹಳ್ಳದ ನೀರು ಮೆದು, ಸ್ವಲ್ಪ ಹುಳಿ. ಅಲ್ಲಿಯ ಸೀಗಡಿಯನ್ನು ಇಲ್ಲಿಗೆ ತಂದರೆ ಕವಚ ಕಟ್ಟಲು ಸುಣ್ಣ ಸಾಲದೆ ನರಳುತ್ತದೆ. ಇಲ್ಲಿಯದನ್ನು ಅಲ್ಲಿಗೆ ಒಯ್ದರೂ ಒಗ್ಗುವುದಿಲ್ಲ. ಆಯಾ ನೀರಿನದು ಆಯಾ ನೀರಿಗೇ ಚೆಂದ.

ತಾಮ್ರದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸೀಗಡಿಗೆ ತಾಮ್ರ ವಿಷ. ವಿಚಿತ್ರವೆಂದರೆ, ನಮ್ಮ ರಕ್ತದಲ್ಲಿ ಪ್ರಾಣವಾಯುವನ್ನು ಹೊರುವುದು ಕಬ್ಬಿಣವಾದರೆ ಸೀಗಡಿಯ ರಕ್ತದಲ್ಲಿ ಆ ಕೆಲಸ ಮಾಡುವುದು ತಾಮ್ರವೇ. ಎಳ್ಳಷ್ಟು ಬೇಕು, ಅದರ ಮೇಲೆ ಸ್ವಲ್ಪವಾದರೂ ಸಾವು. ಮೆದು ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು ಕರಗಿದ ತಾಮ್ರವಿದ್ದರೂ ಸಣ್ಣ ಸೀಗಡಿಗಳು ಸಾಯಬಲ್ಲವು. ಗಡಸು ನೀರಿನಲ್ಲಿ ತಾಮ್ರದ ವಿಷ ಸ್ವಲ್ಪ ಕುಗ್ಗುತ್ತದೆ. ಎಂದರೆ ಅದೇ ಪ್ರಮಾಣದ ತಾಮ್ರ ಇಂಡಿಯ ನೀರಿಗಿಂತ ನಮ್ಮ ಹಳ್ಳದಲ್ಲಿ ಹೆಚ್ಚು ಹಾನಿ ಮಾಡುತ್ತದೆ. ತಾಮ್ರದ ಕೊಡದಲ್ಲಿ ಸೀಗಡಿ ತರಬಾರದೆಂದದ್ದೂ, ಮೀನಿನ ರೋಗಕ್ಕೆ ಮಾರುವ ತಾಮ್ರದ ಔಷಧಿಯನ್ನು ಸೀಗಡಿ ತೊಟ್ಟಿಗೆ ಹಾಕಬಾರದೆಂಬುದೂ ಇದೇ ಕಾರಣದಿಂದ.

ನಮ್ಮ ಬೋರ್ಡೋ ದ್ರಾವಣದ ಚರಿತ್ರೆ ಎಲ್ಲರಿಗೂ ತಿಳಿದದ್ದೇ. ಫ್ರಾನ್ಸಿನ ಬೋರ್ಡೋದಲ್ಲಿ ದ್ರಾಕ್ಷಿಯ ರೋಗಕ್ಕೆ ಮಿಲಾರ್ಡೆ ಎಂಬವರು 1885ರಲ್ಲಿ ಪ್ರಕಟಿಸಿದ ಮದ್ದು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆ ಕೊಳೆರೋಗವನ್ನು ಅಭ್ಯಸಿಸಿ, ಈ ಮದ್ದಿನ ಸಿಂಪಡಣೆಯನ್ನು ನಮ್ಮ ಹಿರಿಯರಿಗೆ ಕಲಿಸಿದರು. ಅದಿಲ್ಲದಿದ್ದರೆ ನಮ್ಮ ಅಡಿಕೆ ತೋಟಗಳು ಉಳಿಯುತ್ತಿದ್ದುವೋ ಇಲ್ಲವೋ. ವಿಜಯಪುರದ ದ್ರಾಕ್ಷಿಗೂ ಇಂದಿಗೂ ಅದೇ ಮದ್ದು. ಆದುದರಿಂದ ಬೋರ್ಡೋ ಬಿಡಿ ಎಂದು ನಾನು ಹೇಳುತ್ತಿಲ್ಲ, ಹೇಳಿದರೆ ಯಾರೂ ಕೇಳುವುದೂ ಇಲ್ಲ. ಹೇಳುವುದು ಉಳಿಕೆಯ ವಿಷಯ.

ಲೆಕ್ಕ ನೋಡಿ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು. ಮೈಲುತುತ್ತಿನಲ್ಲಿ ಸುಮಾರು ಕಾಲು ಭಾಗ ತಾಮ್ರ. ಎಂದರೆ ಒಂದು ಲೀಟರ್ ದ್ರಾವಣದಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರವಿದೆ. ಸಂಜೆ ಕೆಲಸ ಮುಗಿಸಿ, ಡ್ರಮ್ಮಿನ ತಳದಲ್ಲಿ ಉಳಿದ 10 ಲೀಟರನ್ನು ಹಳ್ಳಕ್ಕೆ ಚೆಲ್ಲಿ ಅಲ್ಲೇ ಡ್ರಮ್ಮು ತೊಳೆದರೆ 25 ಗ್ರಾಂ ತಾಮ್ರ ನೀರಿಗೆ ಸೇರಿತು. ಲೀಟರಿಗೆ ಮೇಲೆ ಹೇಳಿದ ಪ್ರಮಾಣದಂತೆ ಹಂಚಿದರೆ ಅದು ಎರಡೂವರೆ ಲಕ್ಷ ಲೀಟರ್ ನೀರಿಗೆ ಸಾಕು. ಸುಮಾರು 80 ಅಡಿ ಉದ್ದ, 33 ಅಡಿ ಅಗಲ, ಸೊಂಟಮಟ್ಟದ ಆಳದ ಗುಂಡಿಯಷ್ಟು ನೀರು! ಸುಣ್ಣದೊಡನೆ ಕೂಡಿದ ತಾಮ್ರ ಕೂಡಲೆ ಪೂರ್ತಿ ಕರಗುವುದಿಲ್ಲ ಎಂಬುದು ನಿಜ. ಆದರೆ ಅದು ಹೋಗುವುದೂ ಇಲ್ಲ. ತಳದ ಕೆಸರಿನಲ್ಲಿ ಕೂತು, ನಮ್ಮ ಹುಳಿ ನೀರಿನಲ್ಲಿ ನಿಧಾನವಾಗಿ ಬಿಡುತ್ತಾ ಇರುತ್ತದೆ. ಸೀಗಡಿ ಗುಡಿಸಿ ತಿನ್ನುವುದು ಆ ತಳದ ಕೆಸರನ್ನೇ.

ಮೊದಲ ಸಿಂಪಡಣೆ ನಡೆಯುವುದು ಮುಂಗಾರು ಹಿಡಿಯುವ ಮುನ್ನ. ಆಗ ಹಳ್ಳದಲ್ಲಿ ನೀರು ಅತ್ಯಂತ ಕಡಿಮೆ, ಬೇಸಿಗೆ ದಾಟಿ ಉಳಿದ ಸೀಗಡಿ, ಮೀನು ಎಲ್ಲವೂ ಕೆಲವೇ ಗುಂಡಿಗಳಲ್ಲಿ ಕೂಡಿರುತ್ತವೆ. ಆಗ ಚೆಲ್ಲಿದ ಒಂದು ಡ್ರಮ್ಮು, ಆಗಸ್ಟಿನ ಪ್ರವಾಹದಲ್ಲಿ ಚೆಲ್ಲಿದ ಹತ್ತು ಡ್ರಮ್ಮಿಗೆ ಸಮ. ಕಾಫಿಯವರಿಗೂ ಒಂದು ಮಾತು. ಪಲ್ಪರ್ ನೀರು ಹಳ್ಳ ಸೇರಿದರೆ, ಅದರಲ್ಲಿನ ಸಿಹಿ ಅಂಶ ಕೊಳೆತು ನೀರಿನ ಪ್ರಾಣವಾಯುವನ್ನೆಲ್ಲ ಹೀರಿಬಿಡುತ್ತದೆ. ಅದೂ ಹರಿವು ತಗ್ಗುವ ಕಾಲದಲ್ಲಿಯೇ ನಡೆಯುತ್ತದೆ.

ಸೀಗಡಿ ಹೋದರೆ ನಮಗೇನು ನಷ್ಟ ಎಂದು ಕೇಳುವವರಿರಬಹುದು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಒಪ್ಪುವ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ. ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಮನ್ನಾ. ನಮ್ಮ ತೋಟದ ಹಳ್ಳ ಕೆಳಗಿನ ಮನೆಯವರಿಗೆ ಕುಡಿಯುವ ನೀರು, ದನಕರುಗಳಿಗೆ ಕುಡಿಯುವ ನೀರು. ನೀರು ಕೆಟ್ಟಿದೆಯೆಂದು ಅವರಿಗೆ ಹೇಳುವವರು ಯಾರು? ಪ್ರಯೋಗಾಲಯಕ್ಕೆ ಹಣ ಕೊಟ್ಟು ನೀರು ಕಳಿಸುವವರು ನಮ್ಮಲ್ಲಿ ಎಷ್ಟು ಮಂದಿ? ಸೀಗಡಿ ಹಣ ಕೇಳದೆ, ದಿನವೂ, ಆ ಪರೀಕ್ಷೆ ಮಾಡುತ್ತಾ ಇದೆ.

ಹಿಡಿಯುವುದಕ್ಕೂ ಬಿಡುವುದಕ್ಕೂ ಮಿತಿ

ಕಾಡಿನ ಪ್ರಾಣಿಯನ್ನು ತೊಟ್ಟಿಗಾಗಿ ಹಿಡಿಯುವುದು ಮಿತಿ ಮೀರಿದರೆ ಏನಾಗುತ್ತದೆಂಬುದಕ್ಕೆ ನೆರೆಯಲ್ಲೇ ಉದಾಹರಣೆಯಿದೆ. ಮಿಸ್ ಕೇರಳ ಎಂದು ಹೆಸರಾದ, ಮೈಮೇಲೆ ಕೆಂಪು ಮತ್ತು ಕಪ್ಪು ಗೆರೆಯ ಚೆಲುವಾದ ಮೀನು ಕೇರಳ ಮತ್ತು ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳದು. ವಿದೇಶದ ತೊಟ್ಟಿಗಳಿಗೆಂದು ರಾಶಿ ರಾಶಿಯಾಗಿ ಹಿಡಿದುದರ ಫಲವಾಗಿ ಅದು ಅಳಿವಿನಂಚಿನ ಪಟ್ಟಿಗೆ ಸೇರಿತು. ಕೇರಳ ಸರ್ಕಾರ 2008ರಲ್ಲಿ ಹಿಡಿಯುವುದಕ್ಕೆ ಕಟ್ಟುಪಾಡು ಹಾಕಬೇಕಾಯಿತು. ಸೀಗಡಿಗೆ ಆ ಗತಿ ಬರುವುದು ಬೇಡ. ಮನೆಯ ತೊಟ್ಟಿಗೆ ಹತ್ತು ಹಿಡಿಯುವುದು ಬೇರೆ, ಚೀಲಗಟ್ಟಲೆ ಹಿಡಿದು ಅಂಗಡಿಗೆ ಮಾರುವುದು ಬೇರೆ. ಎರಡನೆಯದಕ್ಕೆ ನಮ್ಮ ಹಳ್ಳಗಳು ಒಡ್ಡಿಕೊಳ್ಳಲಾರವು.

ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳ ಒಳಗೆ ಅನುಮತಿಯಿಲ್ಲದೆ ಯಾವ ಜೀವಿಯನ್ನೂ ಹಿಡಿಯುವಂತಿಲ್ಲ. ಕುದುರೆಮುಖದ ಮಗ್ಗುಲಿನ ಸದಸ್ಯರು ಇದನ್ನು ಮಕ್ಕಳಿಗೆ ತಿಳಿಸಿಡಬೇಕು. ದೇವರ ಮೀನಿರುವ ಕಡೆ ಯಾವುದೇ ಬಲೆ ಹಾಕಬಾರದೆಂಬುದು ಹಿರಿಯರೇ ಮಾಡಿದ ಕಟ್ಟಳೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಆ ಕಟ್ಟಳೆಯಿಂದಲೇ ಮೀನು ಉಳಿದಿದೆ. ಶಿಶಿಲದಲ್ಲಿ 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿ ಸಾವಿರಾರು ಮೀನು ಸತ್ತುವು. ಅವುಗಳ ನೆನಪಿಗೆ ಊರವರು ಸ್ಮಾರಕವನ್ನೇ ಕಟ್ಟಿದ್ದಾರೆ. ಬೇಸಿಗೆಯ ಗುಂಡಿಗೆ ವಿಷ ಹಾಕಿ, ತೋಟೆ ಸಿಡಿಸಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧ. ಆದರೂ ಅಲ್ಲಲ್ಲಿ ನಡೆಯುತ್ತಿದೆಯೆಂದು ಕೇಳುವುದಕ್ಕೆ ವಿಷಾದವಾಗುತ್ತದೆ.

ಇನ್ನು, ತೊಟ್ಟಿ ಬೇಸರವಾದಾಗ ಅಂಗಡಿಯಿಂದ ತಂದ ಕೆಂಪು ಸೀಗಡಿಯನ್ನೋ ಮೀನನ್ನೋ ಹಳ್ಳಕ್ಕೆ ಬಿಡಬಾರದು. ಪುಣ್ಯದ ಕೆಲಸವೆಂದು ಭಾವಿಸಿ ಹೀಗೆ ಮಾಡುವವರುಂಟು. ಆಂಧ್ರದ ಮೀನು ಕೃಷಿಕರು ಇಂದು ಗೋಳಾಡುತ್ತಿರುವ ದೆವ್ವದ ಮೀನು ಮೂಲದಲ್ಲಿ ತೊಟ್ಟಿಯ ಗಾಜು ನೆಕ್ಕಲೆಂದು ತಂದ ಅಮೆರಿಕದ ಮೀನು. ಹೊರಗಿನ ಸೀಗಡಿಯೊಡನೆ ಹೊರಗಿನ ರೋಗವೂ ಬರುತ್ತದೆ. ಬೇಡವಾದುದನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಬಹುದು. ನಮ್ಮದೇ ಹಳ್ಳದ ಸೀಗಡಿಯಾದರೂ ಅಂಗಡಿಯ ಪ್ರಾಣಿಗಳೊಡನೆ ಒಂದೇ ತೊಟ್ಟಿಯಲ್ಲಿದ್ದರೆ ಅದನ್ನೂ ಹಿಂದಕ್ಕೆ ಬಿಡಬಾರದು.

ಸದಸ್ಯರಲ್ಲಿ ವಿಜ್ಞಾಪನೆ

ಬರುವ ಸಿಂಪಡಣೆಯ ಕಾಲಕ್ಕೆ ಈ ಕೆಳಗಿನ ನಾಲ್ಕು ವಿಷಯಗಳನ್ನು ಎಲ್ಲ ಸದಸ್ಯರೂ ಪಾಲಿಸಬೇಕೆಂದು ಕೋರುತ್ತೇನೆ.

ಒಂದು, ದ್ರಾವಣವನ್ನು ಹಳ್ಳದ ದಂಡೆಯಲ್ಲಿ ತಯಾರಿಸಬೇಡಿ. ಪೈಪಿನಿಂದಲೋ ಕೊಡದಿಂದಲೋ ನೀರನ್ನು ಮೇಲಕ್ಕೆ ತಂದು ತಯಾರಿಸಿ.

ಎರಡು, ಆ ದಿನಕ್ಕೆ ಬೇಕಾದಷ್ಟೇ ಕಲಸಿ. ಉಳಿದುದನ್ನು ಅಂಚಿನ ಮರಗಳಿಗೆ ಹೊಡೆದು ಮುಗಿಸಿ.

ಮೂರು, ಡ್ರಮ್ಮು, ಪಂಪು, ಪೈಪುಗಳನ್ನು ತೊಳೆಯಲು ಹಳ್ಳದಿಂದಲೂ ಬಾವಿಯಿಂದಲೂ ದೂರದಲ್ಲಿ, ಎತ್ತರದ ನೆಲದಲ್ಲಿ ಒಂದು ಇಂಗುಗುಂಡಿ ತೆಗೆಯಿರಿ. ತಳಕ್ಕೆ ಸುಣ್ಣ ಹಾಕಿದರೆ ತಾಮ್ರ ಅಲ್ಲೇ ಹಿಡಿದುಕೊಳ್ಳುತ್ತದೆ.

ನಾಲ್ಕು, ಸಿಂಪಡಣೆಗೆ ಮುಂಚೆ ಒಂದು ದಿನ, ಆದ ಮೇಲೆ ಹದಿನೈದು ದಿನಕ್ಕೆ ಒಂದು ದಿನ, ಮಕ್ಕಳನ್ನು ಕರೆದುಕೊಂಡು ಹಳ್ಳದ ಒಂದೇ ಜಾಗದಲ್ಲಿ, ಒಂದೇ ಜಾಲರಿಯಿಂದ ಹತ್ತು ಸಲ ಗೋರಿ, ಸಿಕ್ಕಿದ ಸೀಗಡಿಗಳನ್ನು ಎಣಿಸಿ ಬಿಟ್ಟುಬಿಡಿ. ಎರಡೂ ಸಂಖ್ಯೆಗಳನ್ನು ಅಡಿಕೆ ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ಹಳ್ಳದಲ್ಲಿ ಪ್ರವಾಹವಿದ್ದರೆ ಇಳಿಯದೆ, ನೀರು ತಗ್ಗಿದ ಮೇಲೆ ಎಣಿಸಿ.

ಈ ಎಣಿಕೆಯ ವಿವರವನ್ನು ಊರು, ಹಳ್ಳದ ಹೆಸರು, ತಾರೀಖು ಸಹಿತ ಒಂದು ಕಾಗದದಲ್ಲಿ ಬರೆದು ಸಂಘದ ಕಛೇರಿಗೆ ತಲುಪಿಸಿದರೆ ಎಲ್ಲವನ್ನೂ ಕ್ರೋಡೀಕರಿಸಿ ಈ ಪತ್ರಿಕೆಯಲ್ಲಿ ಪ್ರಕಟಿಸಲಾಗುವುದು. ಬೆಳೆಗಾರರ ಹೆಸರು ಹಾಕುವುದಿಲ್ಲ, ಹಳ್ಳದ ಹೆಸರಷ್ಟೇ. ಮೈಲುತುತ್ತು ಒಯ್ಯಲು ಬಂದಾಗ ಗೋದಾಮಿನಲ್ಲೇ ಕಾಗದವನ್ನು ಕೊಡಬಹುದು. ಗಾಜಿನ ತೊಟ್ಟಿಯಲ್ಲಿ ಸೀಗಡಿ ಸಾಕುತ್ತಿರುವ ಸದಸ್ಯರ ಮಕ್ಕಳು ತಮ್ಮ ಅನುಭವವನ್ನೂ ಬರೆದು ಕಳುಹಿಸಬೇಕಾಗಿ ಕೋರಿಕೆ.

– ಕಾರ್ಯದರ್ಶಿ